ತಿರುಗಿ ಬರಬಾರದ ಸೀರೆ

ನಮ್ಮ ಅತ್ತೆಯ ಬಲಗಾಲಿನ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಎಂದೋ ಕಲ್ಲಿಗೆ ಎಡವಿ ಕಿತ್ತುಹೋದದ್ದು ಮತ್ತೆ ಬೆಳೆದಿರಲಿಲ್ಲ. ಆ ಜಾಗದಲ್ಲಿ ಚರ್ಮವೇ ಗಟ್ಟಿಯಾಗಿ ಹುಣಸೆ ಬೀಜದ ಹಾಗೆ ಕಪ್ಪಗೆ ಮಿರುಗುತ್ತಿತ್ತು. ಮುಂಜಾನೆ ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ಕೈಯಲ್ಲಿ ಉಳಿದದ್ದನ್ನು ಅವರು ಆ ಬೆರಳಿಗೆ ಒರೆಸುತ್ತಿದ್ದರು. "ಮಠದ ಅಯ್ಯನವರು ನೋಡಿದ್ರ ಬೈತಾರ್ರಿ, ವಿಭೂತಿ ಕಾಲಿಗೆ ಹಚ್ಚತಾರೇನು?" ಎಂದು ನಾನು ಒಮ್ಮೆ ಗದರಿದ್ದೆ. "ದೇವರ ಗುಡಿಗೆ ಮೊದಲ ಮುಟ್ಟೂದು ಇದ ಬೇ. ಹಣಿ ಆಮ್ಯಾಲ ಬರತೈತಿ," ಅಂದರು.

ಮದುವೆಯಾಗಿ ಚಿಕ್ಕೋಡಿಗೆ ಬಂದ ಮೊದಲ ವರ್ಷ, ಶಿವರಾತ್ರಿ ಮುಗಿದ ಮೇಲೆ ಒಂದು ಬೆಳಗ್ಗೆ ಎದ್ದು ನೋಡಿದರೆ ಅತ್ತೆ ಮನೆಯಲ್ಲಿಲ್ಲ. ಹಿತ್ತಲು, ಬಾವಿ, ಪಕ್ಕದ ಮನೆ, ಎಲ್ಲಾ ಹುಡುಕಿ ಗಾಬರಿಯಿಂದ ಗಂಡನನ್ನು ಎಬ್ಬಿಸಿದೆ. ಅವರು ಮಗ್ಗುಲು ಬದಲಿಸಿದರು.

"ಶ್ರೀಶೈಲಕ್ಕ ಹೋಗ್ಯಾಳ. ಮಲಕೋ."

"ಯಾರ ಜೋಡಿ?"

"ಒಬ್ಬಾಕಿನ. ನಡಕೋತ."

"ಯಾವಾಗ ಬರತಾರ?"

"ಬಂದಾಗ."

ಆ 'ಬಂದಾಗ' ಎಂಬ ಮಾತಿನ ಮೇಲೆ ಅವತ್ತು ಹುಟ್ಟಿದ ಸಿಟ್ಟು ನನಗೆ ಇಂದಿಗೂ ಪೂರ್ತಿ ಇಳಿದಿಲ್ಲ. ನಾನು ತಲೆಯ ಮೇಲೆ ಬುಟ್ಟಿ ಹೊತ್ತು ಬೋರಗಾಂವ, ಯಡೂರು, ಕಾಗವಾಡ ಅಂತ ಊರೂರು ತಿರುಗಿ, ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಟ್ಟು, ಹಾಗೆ ಮೇಲೆ ಬಂದವಳು. ಆಮೇಲೆ ಚಿಕ್ಕೋಡಿ ಪೇಟೆಯಲ್ಲಿ ಪಾತ್ರೆ ಅಂಗಡಿ ಹಾಕಿದೆ. ಯಾವ ಊರಿಗೆ ಯಾವ ದಿನ ಹೋದರೆ ಹೆಂಗಸರು ಮನೆಯಲ್ಲಿರುತ್ತಾರೆ, ಯಾವಾಗ ಹೊಲದಲ್ಲಿರುತ್ತಾರೆ, ನಿಪ್ಪಾಣಿ ಕಡೆ ತಂಬಾಕಿನ ಕೆಲಸ ಯಾವಾಗ ಮುಗಿಯುತ್ತದೆ, ಇದೆಲ್ಲ ತಿಳಿಯದೆ ಹೊರಟರೆ ತುಂಬಿದ ಬುಟ್ಟಿ ತುಂಬಿದ ಹಾಗೇ ಮನೆಗೆ ಬರುತ್ತದೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವ ಹೆಣ್ಣುಮಕ್ಕಳಿಗೆ ನಾನು ಇವತ್ತಿಗೂ ಹೇಳುವುದು ಒಂದೇ: ಮೊದಲು ತಿರುಗಿ ಬರುವ ಬಸ್ಸು ಯಾವಾಗ ಅಂತ ಕೇಳಿಕೊಳ್ಳಿ, ಆಮೇಲೆ ಹೋಗುವ ಬಸ್ಸು ಹತ್ತಿರಿ. ಇಂಥ ನನಗೆ ಸಿಕ್ಕ ಅತ್ತೆ ಇವರು.

ನಮ್ಮ ಕಡೆಯವರಿಗೆ ಶ್ರೀಶೈಲದ ಮಲ್ಲಯ್ಯ ಅಳಿಯ, ಅಲ್ಲಿಯ ಅಮ್ಮ ಮಗಳು. ಮಗಳ ಮನೆಗೆ ಬರಿಗೈಯಲ್ಲಿ ಹೋಗುತ್ತಾರೆಯೇ? ಅದಕ್ಕೇ ಯುಗಾದಿ ಜಾತ್ರೆಗೆ ನಡೆದು ಹೋಗುವವರು ತವರಿನ ಸೀರೆ, ಕುಬಸ ಒಯ್ಯುತ್ತಾರೆ. ಹೋಳಿಹುಣ್ಣಿಮೆ ಆದ ಮೇಲೆ ಗುಂಪು ಕಟ್ಟಿ, ಸಾಮಾನಿಗೆ ಒಂದು ಗಾಡಿ ಮಾಡಿ, ಎಲ್ಲಿ ಊಟ ಎಲ್ಲಿ ವಸ್ತಿ ಅಂತ ಮೊದಲೇ ಗೊತ್ತುಮಾಡಿಕೊಂಡು ಹೋಗುತ್ತಾರೆ. ಅದು ಶಹಾಣೆತನ. ನಮ್ಮ ಅತ್ತೆ ಅವರೆಲ್ಲರಿಗಿಂತ ಮೊದಲೇ ಒಬ್ಬರೇ ಹೊರಟುಬಿಡುತ್ತಿದ್ದರು. ಕೆಂಪು ಅಂಚಿನ ಕಂಬಳಿಯ ಗಂಟಿನಲ್ಲಿ ಒಂದು ಹಸಿರು ಸೀರೆ, ಒಂದು ತಂಬಿಗೆ, ಕಟಕ ರೊಟ್ಟಿ, ಶೇಂಗಾ ಚಟ್ನಿ. ಆ ಸೀರೆ ಕೊಳ್ಳುವಾಗ ಅಂಗಡಿಯವನು ಹೇಳಿದ ದರಕ್ಕೆ ಮರುಮಾತಿಲ್ಲ. ನಾನು ಜೊತೆಗಿದ್ದು ಬಾಯಿ ತೆರೆದರೆ ಮೊಣಕೈಯಿಂದ ತಿವಿಯುತ್ತಿದ್ದರು. "ಮಗಳ ಸೀರಿಗೆ ಚೌಕಾಸಿ ಮಾಡ್ತಾರೇನ? ಸುಮ್ಮನಿರು."

ವರ್ಷಾ ವರ್ಷಾ ನಾನು ಹೊಸ್ತಿಲಲ್ಲಿ ಅಡ್ಡ ನಿಂತು ಕೇಳುತ್ತಿದ್ದೆ.

"ಅತ್ತಿ, ಯಾವ ಊರಾಗ ಯಾರ ಮನ್ಯಾಗ ಇಳಕೋತೀರಿ, ಅಷ್ಟರ ಹೇಳಿ ಹೋಗ್ರಿ."

"ನನಗ ಗೊತ್ತಿದ್ರ ಹೇಳತಿದ್ನೆಲ್ಲ."

"ಹೋಗ್ಲಿ, ಯುಗಾದಿಗೆ ಮುಟ್ಟತೀರೋ ಇಲ್ಲೋ?"

"ಮುಟ್ಟಿದ್ರ ಅಲ್ಲಿ ಬೇವು ಬೆಲ್ಲ. ಇಲ್ಲಾಂದ್ರ ಎಲ್ಲಿರತೀನೋ ಅಲ್ಲಿ."

"ಇದೇನ್ ಮಾತ್ರಿ ಇದು!"

"ನೋಡ ಬೇ, ಗಂಡ ಏಳಂದಾಗ ಎದ್ದೀನಿ, ನಮ್ಮತ್ತಿ ಕುಂಡ್ರಂದಾಗ ಕುಂತೀನಿ. ವರ್ಷದಾಗ ಒಂದ ತಿಂಗಳ ನನ್ನ ಕಾಲ ಹೇಳಿದಾಂಗ ಕೇಳತೀನಿ. ಅದಕ್ಕೂ ನಿನ್ನ ಪರವಾನಗಿ ತಗೋಬೇಕನ?"

ನಾನು ಹೊಸ್ತಿಲು ಬಿಟ್ಟು ಸರಿಯುತ್ತಿದ್ದೆ. ಸರಿದ ಮೇಲೆ ಸಿಟ್ಟು ಇನ್ನೂ ಹೆಚ್ಚು.

ತೊಂಬತ್ತರ ಆಚೀಚಿನ ಒಂದು ವರ್ಷ ಅತ್ತೆ ಹೊರಟುಹೋದ ಕೆಲವೇ ದಿನಕ್ಕೆ ನಮ್ಮವರಿಗೆ ಹೊಟ್ಟೆನೋವು ಬಂತು. ನೆಲಕ್ಕೆ ಬಿದ್ದು ಹೊರಳಾಡುವಂಥ ನೋವು. ಮೈ ಹಳದಿಯಾಯಿತು. ನಮ್ಮ ಸೀಮೆಯವರು ದೊಡ್ಡ ರೋಗಕ್ಕೆಲ್ಲ ಓಡುವುದು ಮೀರಜಕ್ಕೆ. ಅಲ್ಲಿಯ ದವಾಖಾನೆಗೆ ಸೇರಿಸಿದೆವು. ಪಿತ್ತದ ಚೀಲದಲ್ಲಿ ಕಲ್ಲು, ಕೀವು ಆಗಿದೆ, ಈಗ ಔಷಧದಿಂದ ತಡೆದಿದ್ದೇವೆ, ಆದಷ್ಟು ಬೇಗ ಕೊಯ್ದು ತೆಗೆಯಬೇಕು, ಇನ್ನೊಮ್ಮೆ ಇಂಥ ನೋವು ಬಂದರೆ ನಮ್ಮ ಕೈಯಲ್ಲಿಲ್ಲ ಎಂದರು ಡಾಕ್ಟರು. ನಾನು ತಲೆಯಾಡಿಸಿದೆ. ನನ್ನ ಮೈದುನ ತಲೆಯಾಡಿಸಿದ. ಕಾಟಿನ ಮೇಲಿದ್ದ ಮನುಷ್ಯ ಮಾತ್ರ ಗೋಡೆಯ ಕಡೆ ಹೊರಳಿ ಮಲಗಿದರು.

"ಅವ್ವ ಬರಲಿ. ಆಕಿ ತಲಿ ಮ್ಯಾಲ ಕೈ ಇಟ್ಟ ಮ್ಯಾಲ ಕತ್ತರಿ ಹಚ್ಚಲಿ."

"ನಿಮ್ಮವ್ವ ಎಲ್ಲಿ ಅದಾರೋ ಆ ಮಲ್ಲಯ್ಯಗೂ ಗೊತ್ತಿಲ್ಲ!"

"ಹಂಗಾರ ಹುಡಿಕ್ಕೊಂಡ ಬಾ."

ಮಕ್ಕಳನ್ನು ತವರಿಗೆ ಕಳಿಸಿ, ಅಂಗಡಿಗೆ ಬೀಗ ಹಾಕಿ, ಮೈದುನನನ್ನು ಕಾಟಿನ ಬಳಿ ಕೂಡಿಸಿ ಹೊರಟೆ. ನಾನು ಹುಡುಕುವ ರೀತಿ ನಿಮಗೆ ಗೊತ್ತೇ ಇದೆ. ಮುದುಕಿ ದಿನಕ್ಕೆ ಇಷ್ಟು ನಡೆದರೆ ಇಷ್ಟೊತ್ತಿಗೆ ಇಂಥಲ್ಲಿ ಇರಬೇಕು ಎಂದು ಅಂದಾಜು ಹಾಕಿ, ಸೀದಾ ಹುನಗುಂದಕ್ಕೆ ಬಸ್ಸು ಹಿಡಿದೆ. ಮಠ, ಧರ್ಮಶಾಲೆ, ಬಸ್‌ಸ್ಟ್ಯಾಂಡಿನ ಚಹಾ ಅಂಗಡಿ, ಎಲ್ಲ ಕಡೆ ಕೇಳಿದೆ. ಎಲ್ಲರಿಗೂ ಆಕೆ ಗೊತ್ತು! "ಚಿಕ್ಕೋಡಿ ಆಯಿ ಏನ್ರಿ? ಈ ವರ್ಷ ಇನ್ನೂ ಬಂದಿಲ್ಲಲ್ರಿ. ಆರಾಮ ಅದಾರಿಲ್ರಿ?" ಎಂದು ನನ್ನನ್ನೇ ಕೇಳಿದರು. ಲಿಂಗಸುಗೂರಿಗೆ ಹೋದೆ. ಅಲ್ಲೂ ಅದೇ ಮಾತು. ಎಲ್ಲೋ ದಾರಿಯಲ್ಲಿ ಬಿದ್ದು ಸತ್ತಿರಬೇಕು ಅನ್ನಿಸಿತು. ಗಂಡನಿಗೆ ಏನು ಹೇಳುವುದು ಎಂದು ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಅಳುತ್ತ ಅಥಣಿಗೆ ವಾಪಸು ಬಂದೆ.

ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ಕಾಗವಾಡದ ಒಬ್ಬಾಕೆ ಸಿಕ್ಕಳು. ನಾನು ಬುಟ್ಟಿ ಹೊರುತ್ತಿದ್ದ ಕಾಲದ ಗಿರಾಕಿ.

"ಯಾಕ್ ಬೇ, ಅಳಾಕತ್ತಿ?"

ಹೇಳಿದೆ.

"ಯವ್ವಾ! ನಿಮ್ಮತ್ತಿ ಮೊನ್ನಿ ನಮ್ಮ ಕಟ್ಟಿ ಮ್ಯಾಲ ಕುಂತು ಅವರಿಕಾಯಿ ಸುಲೀತಿದ್ಳಲ್ಲ! ಮೊದಲ ಯಡೂರಿಗೆ ಹೋಗಿ ಈರಭದ್ರನ ಗುಡ್ಯಾಗ ವಸ್ತಿ ಮಾಡಿದ್ಳಂತ. ಹೊಳಿ ಗಾಳಿ ಚಲೋ ಇತ್ತಂತ. ಆಮ್ಯಾಲ ನಮ್ಮೂರಿಗೆ ಬಂದ್ಳು. ಐಗಳಿ ಕಡೆ ಹೋಗ್ತೀನಿ ಅಂದಾಳ ನೋಡು."

ಯಡೂರು! ಶ್ರೀಶೈಲ ಇರುವುದು ಮೂಡಣ ದಿಕ್ಕಿಗೆ, ಈ ಮುದುಕಿ ಹೊರಟದ್ದು ಬಡಗಣಕ್ಕೆ. ನಾನು ಲಿಂಗಸುಗೂರಿನತನಕ ಹುಡುಕಿದ ಹೆಣ್ಣುಮಗಳು ಅಥಣಿ ತಾಲೂಕನ್ನೇ ದಾಟಿರಲಿಲ್ಲ.

ಐಗಳಿಯಲ್ಲಿ ಊರ ಹೊರಗಿನ ಒಂದು ಒಕ್ಕಲುಮನೆಯ ಹಿತ್ತಲಲ್ಲಿ ಹೊಗೆ ಕಂಡಿತು. ಅಲ್ಲಿದ್ದರು. ಮಣೆಯ ಮೇಲೆ ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿ, ಕಾಲುಗಳ ನಡುವಿನ ಓಣಿಯಲ್ಲಿ ಒಂದು ಹಸುಗೂಸನ್ನು ಬೋರಲು ಮಲಗಿಸಿಕೊಂಡು ಬಿಸಿನೀರು ಎರೆಯುತ್ತಿದ್ದರು. ನೀರು ಕೇಳಲು ಬಂದವರು, ಬಾಣಂತಿಗೆ ತಾಯಿ ಇಲ್ಲ ಎಂದು ಗೊತ್ತಾಗಿ ಅಲ್ಲೇ ಉಳಿದಿದ್ದರು. ನನ್ನನ್ನು ನೋಡಿ ಹುಬ್ಬು ಕೂಡ ಏರಿಸಲಿಲ್ಲ.

"ಬಂದೆನ ಬೇ? ಆ ನೀರಿನ ಕೊಡಾ ಇತ್ತ ಸರಸು."

ಸರಿಸಿದೆ. ಸರಿಸಿ ಬಾಯಿ ಬಿಟ್ಟೆ. "ನಿಮ್ಮ ಹೊಟ್ಯಾಗ ಹುಟ್ಟಿದ ಮಗಾ ದವಾಖಾನ್ಯಾಗ ಸಾಯಾಕ ಬಿದ್ದಾರ, ನೀವು ಊರ ಮಂದಿ ಕೂಸಿಗೆ ಎರಕೋತ ಕುಂತೀರಿ!"

ಅವರ ಕೈ ನಿಲ್ಲಲಿಲ್ಲ. ಕೂಸನ್ನು ಅಂಗಾತ ಹೊರಳಿಸಿ, ಹಣೆಗೆ ಅಂಗೈ ಅಡ್ಡ ಹಿಡಿದು ಉಳಿದ ನೀರು ಹೊಯ್ದರು. ಒರೆಸಿ, ದೃಷ್ಟಿ ತೆಗೆದು, ಬಾಣಂತಿಯ ಕೈಗೆ ಕೊಟ್ಟರು. ಆಮೇಲೆ ನನ್ನ ಎದುರು ಬಂದು ನಿಂತು, "ಈಗ ಹೇಳು," ಅಂದರು.

ಹೇಳಿದೆ. ಮೀರಜ ಎಂಬ ಹೆಸರು ಬರುತ್ತಲೇ ಕಟ್ಟೆಗೆ ಕುಸಿದು ಕೂತರು.

"ಬ್ಯಾರೆ ದವಾಖಾನಿ ಇಲ್ಲೇನು?"

ನನ್ನ ಮಾವ ತೀರಿಕೊಂಡದ್ದು ಅದೇ ದವಾಖಾನೆಯಲ್ಲಿ. ಅದು ನನ್ನ ಮದುವೆಗೆ ಮೊದಲಿನ ಮಾತು. ಆದರೆ ಅದರ ಹಿಂದಿನ ಕಥೆಯನ್ನು ಅತ್ತೆ ಅವತ್ತು ಮೊದಲ ಸಲ ಹೇಳಿದರು. ಆಗ ಅವರು ಎಲ್ಲರಂತೆ ಗುಂಪಿನಲ್ಲಿ ಹೋಗುತ್ತಿದ್ದರಂತೆ. ಅರ್ಧ ದಾರಿಯಲ್ಲಿ ಗಂಡನಿಗೆ ಜಡ್ಡೆಂದು ಸುದ್ದಿ ಬಂತು. ಗುಂಪಿನ ಹಿರಿಯರು ತಿರುಗಿ ಹೋಗು ಅಂದರು. ಸೀರೆಯ ಗಂಟಿನ ಸಮೇತ ತಿರುಗಿದರು.

"ಮಗಳ ಮನಿಗಂತ ಹೊಂಟ ಸೀರಿ ಅರ್ಧ ದಾರ್ಯಾಗಿಂದ ತಿರುಗಿ ಬಂತು. ನಿಮ್ಮ ಮಾವಾರು ಆ ಮೆಟ್ಟಲಾ ಹತ್ತಿದ್ರು, ನಡಕೋತ ಇಳೀಲಿಲ್ಲ. ಅವತ್ತಿಂದ ನಾ ಯಾರ ಹಿಂದೂ ನಡ್ಯೂದಿಲ್ಲ, ಯಾರ ಮಾತಿಗೂ ತಿರುಗೂದಿಲ್ಲ."

"ಹಂಗಾರ ಗಂಟು ಇಲ್ಲೆ ಈ ಮನ್ಯಾಗ ಇಡ್ರಿ. ಮಗಾ ಆರಾಮಾದ ಮ್ಯಾಲ ಬಂದು ಒಯ್ಯೂಣು."

"ಬಿಟ್ಟು ಹೋದ್ರೂ ತಿರುಗಿದಾಂಗ."

"ಇಷ್ಟ ದಿನ ಅಲ್ಲಿ ಇಲ್ಲಿ ಕುಂತಿದ್ರಲ್ಲ, ಅದು ನಡೀತೈತೇನು?"

"ಕುಂಡ್ರಬಹುದು. ತಿರಗಬಾರದು."

ಪಿತ್ತದ ಕಲ್ಲಿಗೂ ಸೀರೆಗೂ ಏನು ಸಂಬಂಧ ಎಂದು ನಾನು ಕೂಗಾಡಿದೆ. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಅತ್ತೆ ಶಾಂತವಾಗಿ ಕೇಳಿದರು: "ನಾ ಹೋಗಿ ಅವನ ಮುಂದ ನಿಂತಕೂಡ್ಲೆ ಅಂವ ಮೊದಲ ಏನ್ ಕೇಳತಾನ, ಹೇಳು ನೋಡೂಣು?"

ನನ್ನ ಗಂಡ ನನಗೆ ಗೊತ್ತು. 'ಸೀರಿ ಎಲ್ಲಿ?' ಅನ್ನುತ್ತಿದ್ದರು. ತಂದೆಯ ಸಾವು ಕಂಡ ಮಗ. ಸೀರೆ ತಿರುಗಿತು ಎಂದು ತಿಳಿದರೆ, ಮುಸುಕು ಎಳೆದು ಗೋಡೆಗೆ ಮುಖ ಮಾಡಿದವರನ್ನು ಯಾವ ಡಾಕ್ಟರೂ ಹೊರಳಿಸಲಾರ.

ಅತ್ತೆ ಗಂಟು ತಂದು ನನ್ನ ಕಂಕುಳಿಗೆ ತುರುಕಿದರು. "ಮನಿ ಸೀರಿ ಮನಿಯಾಕಿ ಕೈಯಾಗ ಹೋಗ್ಲಿ. ನೀ ಮುಂದ ನಡಿ. ನಾ ಮೀರಜಕ್ಕ ಹೋಗತೀನಿ."

"ನಾ ಅವರ ಹೇಣ್ತಿರಿ! ಇಂಥಾ ಹೊತ್ತಿನಾಗ ನಾ ಅಲ್ಲಿರಬ್ಯಾಡೇನು?"

"ಅಂವ ಕರದದ್ದು ನನ್ನ. ನೀ ಅಲ್ಲಿದ್ರ ಡಾಕ್ಟರ್ ಜೋಡಿನೂ ಚೌಕಾಸಿಗೆ ನಿಂದರ್ತಿ."

ಬಾಣಂತಿ ಕೂಡ ಬಾಯಿಗೆ ಸೆರಗು ಇಟ್ಟು ನಕ್ಕಳು. ನಾನು ಬಸ್ಸಿನಲ್ಲಿ ಹೋಗಿ ಸೀರೆ ಕೊಟ್ಟು ಮರುದಿನವೇ ಮೀರಜಕ್ಕೆ ಬರುತ್ತೇನೆ ಎಂದೆ. "ನಡದು ಹೊಂಟದ್ದು ನಡದ ಮುಟ್ಟಬೇಕು," ಅಂದರು. ನೀವಾದರೂ ಬೇಗ ನಡೆದಿದ್ದರೆ ನನಗೆ ಇಷ್ಟು ದಾರಿ ಉಳಿಯುತ್ತಿರಲಿಲ್ಲ ಎಂದೆ. "ಅದ ಖರೇ ಬಿಡು," ಅಂದರು. ನನ್ನ ಜೀವಮಾನದಲ್ಲಿ ಎದುರಿನವರು ಒಂದು ಪೈಸೆಯೂ ಬಿಡದ ಚೌಕಾಸಿ ಅದೊಂದೇ. ಅಥಣಿ ಕಡೆಯ ಬಸ್ಸು ಬಂತು, ಹತ್ತಿದರು, ಹಿಂದಿರುಗಿ ನೋಡಲಿಲ್ಲ.

ಬಸ್ಸು ಮರೆಯಾದ ಮೇಲೆ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಗಂಟು ಹಿಡಿದು ಕೂತು ಯೋಚಿಸಿದೆ. ಬಸ್ಸಿನಲ್ಲಿ ಹೋದರೆ ಯಾರಿಗೆ ತಿಳಿಯುತ್ತದೆ? ಆದರೆ ಮೀರಜದಲ್ಲಿ ನಮ್ಮವರಿಗೆ ಏನಾದರೂ ಆಗಿಬಿಟ್ಟರೆ? ಸೀರೆಯಿಂದಲ್ಲ, ರೋಗದಿಂದಲೇ ಆಗಲಿ. ಆಮೇಲೆ ಸಾಯುವತನಕ ಆ ಬಸ್ಸಿನ ಟಿಕೀಟು ನನ್ನನ್ನು ಕೊರೆಯುತ್ತದೆ. ಒಂದು ಟಿಕೀಟಿಗೆ ಜೀವಮಾನದ ಅನುಮಾನ ಕೊಳ್ಳುವುದು ಲುಕ್ಸಾನಿನ ವ್ಯಾಪಾರ. ಎದ್ದು ಜಮಖಂಡಿಯ ದಾರಿ ಹಿಡಿದೆ.

ಅತ್ತೆ ಮಾಡದ ಯೋಜನೆಯನ್ನು ನಾನಾದರೂ ಮಾಡೋಣ ಎಂದು ಇವತ್ತು ಈ ಊರು, ನಾಳೆ ಆ ಊರು ಅಂತ ನಿಗದಿ ಮಾಡಿಕೊಂಡೆ. ಮೊದಲ ದಿನವೇ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಆ ಯೋಜನೆ ಮುರಿಯಿತು. ಬೊಬ್ಬೆ ಆರಿದ ಮೇಲೆ ಜನ ಅದನ್ನು ಮುರಿದರು. ಆ ಕೆಂಪು ಅಂಚಿನ ಕಂಬಳಿ ಗಂಟು ಕಂಡರೆ ಸಾಕು, ಹೆಂಗಸರು ಬಾಗಿಲಿಂದ ಇಳಿದು ಬರುತ್ತಿದ್ದರು. "ಆಯಿ ಎಲ್ರಿ? ನೀವು ಸೊಸೀನ?" ಒಬ್ಬಾಕೆ ಅತ್ತೆ ಹೆಸರಿಟ್ಟ ಕೂಸನ್ನು ತಂದು ತೋರಿಸಿದಳು. ಇನ್ನೊಬ್ಬಳು ಗಂಡ ಹೊಡೆಯುವುದನ್ನು ಬಿಟ್ಟಿದ್ದಾನೆಂದು ಆಯಿಗೆ ಹೇಳು ಅಂದಳು. ಮತ್ತೊಬ್ಬಳು ಗಂಡ ಬಿಟ್ಟಿಲ್ಲ, ಈ ವರ್ಷ ಆಯಿ ಬಂದು ಬೈಯಬೇಕಾಗಿತ್ತು ಎಂದು ಕಣ್ಣೀರು ಹಾಕಿದಳು. ಆಕೆಯ ಗಂಡನನ್ನು ಕರೆಸಿ ನಾನೇ ಬೈದೆ. ಅರ್ಧ ದಿನ ಹೋಯಿತು. ಬರೀ ಸೀರೆಯಲ್ಲ, ಮುದುಕಿಯ ಊರೂರ ಪಂಚಾಯ್ತಿಯೂ ನನ್ನ ತಲೆಗೆ ಬಿದ್ದಿತ್ತು. ಯಾರ ಮನೆಯಲ್ಲಿ ಉಣ್ಣುತ್ತೇನೆ, ಎಲ್ಲಿ ಮಲಗುತ್ತೇನೆ, ಮಧ್ಯಾಹ್ನದ ಮೇಲೆ ನನಗೇ ಗೊತ್ತಿರುತ್ತಿರಲಿಲ್ಲ. ಹಾದಿಯುದ್ದಕ್ಕೂ ಗಂಡನ ಹಳದಿ ಮುಖ ಕಣ್ಣ ಮುಂದೆ. ದೇವರ ನಾಮಕ್ಕಿಂತ ಅತ್ತೆಗೆ ಬೈದದ್ದೇ ಹೆಚ್ಚು.

ಲಿಂಗಸುಗೂರಿನ ಎಸ್‌ಟಿಡಿ ಬೂತಿನಿಂದ ನಮ್ಮ ಪಕ್ಕದ ಅಂಗಡಿಯ ಜೈನರ ಬಟ್ಟೆ ವ್ಯಾಪಾರಿಗೆ ಫೋನು ಹಚ್ಚಿದೆ.

"ಅಕ್ಕಾರ, ಆಪರೇಶನ್ ಆಗೇತ್ರಿ! ಕಲ್ಲ ತಗದಾರ. ಗಂಜಿ ಕುಡ್ಯಾಕತ್ತಾರಂತ. ನಿಮ್ಮತ್ತಿ ಕಾಟಿನ ಬುಡಕ ಠಿಕಾಣಿ ಹೂಡ್ಯಾರ, ನರ್ಸ್‌ಬಾಯಾರ್ನೂ ಕುಂಡ್ರಗೊಡವಲ್ರಂತ."

ಬೂತಿನ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಎದುರಿಗೇ ಬಸ್‌ಸ್ಟ್ಯಾಂಡು. ಈಗಂತೂ ಊರಿಗೆ ಹೋಗಬಹುದಾಗಿತ್ತು. ಆದರೆ ಮಾಲು ಕೈಗೆ ಬಂದ ಮೇಲೆ ಕೊಟ್ಟ ಮಾತಿಗೆ ತಪ್ಪುವವರ ಜೊತೆ ನಾನು ಎಂದೂ ವ್ಯವಹಾರ ಮಾಡಿದವಳಲ್ಲ. ಮುಂದೆ ನಡೆದೆ. ಆತ್ಮಕೂರು ದಾಟಿ ನಲ್ಲಮಲೆಯ ಅಡವಿ ಹೊಕ್ಕಾಗ ನಮ್ಮ ಕಡೆಯ ಗುಂಪುಗಳು ಬಂದು ಕೂಡಿಕೊಂಡವು. ಭೀಮನ ಕೊಳ್ಳ ಹತ್ತಿ ಇಳಿದು ಯುಗಾದಿಯ ಹೊತ್ತಿಗೆ ಗುಡಿ ಮುಟ್ಟಿದೆ.

ಅಲ್ಲಿ ಆದದ್ದೇನು? ನೂಕುನುಗ್ಗಲಿನಲ್ಲಿ ಒಬ್ಬ ಪೂಜಾರಿ ನನ್ನ ಕೈಯಿಂದ ಸೀರೆ ಕಸಿದುಕೊಂಡು, ಮಡಿಕೆ ಕೂಡ ಬಿಚ್ಚದೆ, ಹಿಂದೆ ಗುಡ್ಡೆ ಬಿದ್ದಿದ್ದ ಸೀರೆಗಳ ಮೇಲೆ ಎಸೆದ. ಮುಂದೆ ನಡಿ ಅಂದ. ಮುಗಿಯಿತು. ಹಳೆ ಬಟ್ಟೆಯಲ್ಲಿ ಕೈ ಪಳಗಿದ ನನಗೆ ಆ ಗುಡ್ಡೆಯ ಮುಂದಿನ ದಾರಿ ನೋಡಿದ ಕೂಡಲೇ ತಿಳಿಯಿತು. ಅದು ಹರಾಜಿಗೆ ಹೋಗುವ ಮಾಲು. ಹಿಮ್ಮಡಿಯ ನೋವೆಲ್ಲ ತಲೆಗೆ ಏರಿತು.

ಊರಿಗೆ ಬಂದವಳೇ, ಗಂಡನ ಮುಖ ನೋಡಿ, ಹೊಟ್ಟೆಯ ಹೊಲಿಗೆ ನೋಡಿ, ಆಮೇಲೆ ಅತ್ತೆಯ ಮುಂದೆ ಹೋಗಿ ನಿಂತು ಇದನ್ನೆಲ್ಲ ಕಾರಿಕೊಂಡೆ. "ಆ ಸೀರಿ ಆಕಿ ಮೈಗೆ ಸುದ್ದಾ ಮುಟ್ಟಿಲ್ರಿ! ಲಿಲಾವಿಗೆ ಹೋಗತೈತಿ!"

ಅತ್ತೆ ರೊಟ್ಟಿ ಬಡಿಯುತ್ತಿದ್ದರು. "ಮಗಳಿಗೆ ಕೊಟ್ಟದ್ದು. ಆಕಿ ಉಡಲಿ, ಯಾರಿಗರೆ ಕೊಡಲಿ, ಮಾರಲಿ. ಕೊಟ್ಟ ಮ್ಯಾಲ ಕೇಳಬಾರದು ಬೇ. ಕೈಕಾಲ ತೊಳ್ಕೊಂಡು ಉಣ್ಣ ಬಾ."

ಮೀರಜದಲ್ಲಿ ಏನಾಯಿತೆಂದು ನನಗೆ ಹೇಳಿದವನು ಮೈದುನ. ಆಪರೇಶನ್ನಿನ ಹಿಂದಿನ ದಿನ ಮುಂಜಾನೆಯೇ ಅತ್ತೆ ದವಾಖಾನೆ ತಲುಪಿದ್ದರಂತೆ. ಆದರೆ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟರಂತೆ. ಅವನು ಮೇಲಿನ ಕಿಟಕಿಯಿಂದ ನೋಡಿ ಇಳಿದು ಬಂದು ಕೈ ಹಿಡಿದರೆ ಕೊಸರಿಕೊಂಡರು. "ನೀ ಹೋಗು. ಬರತೀನಿ." ಬಿಸಿಲು ಏರಿತು. ಕಾವಲಿನವನು ಸರಿಯಿರಿ ಅಂದ. ಸರಿದು ಮತ್ತೆ ಅಲ್ಲೇ ಬಂದು ನಿಂತರು. ನಲ್ಲಮಲೆಯ ಅಡವಿಯನ್ನು ಒಬ್ಬರೇ ದಾಟುತ್ತಿದ್ದ ಹೆಣ್ಣುಮಗಳಿಗೆ ಆ ಮೆಟ್ಟಿಲು ಹತ್ತಲು ಮಧ್ಯಾಹ್ನವಾಯಿತು. ಕೊನೆಗೆ ತಲೆ ತುಂಬ ಸೆರಗು ಹೊದ್ದು, ತುಂಬಿದ ಹೊಳೆಗೆ ಇಳಿಯುವವರ ಹಾಗೆ ಒಂದೊಂದೇ ಮೆಟ್ಟಿಲಿಗೆ ಕಾಲಿಟ್ಟು ಹತ್ತಿದರಂತೆ. ಮೇಲೆ ಬಂದು, ಮಗನ ತಲೆಯ ಮೇಲೆ ಕೈ ಇಟ್ಟು, "ಸೀರಿ ಮುಂದ ಹೊಂಟೈತಿ. ಬಸ್ ತಡಾ ಆತಪಾ," ಅಂದರಂತೆ. ಆಮೇಲೆ ಮೈದುನನನ್ನು ಹೊರಗೆ ಕರೆದು, "ಅವನ ಮುಂದ ಏನೂ ಹೇಳಬ್ಯಾಡ," ಎಂದು ಆಣೆ ಹಾಕಿಸಿಕೊಂಡರಂತೆ.

ಆಮೇಲೆ ಕೆಲವು ವರ್ಷ ಅತ್ತೆ ಮತ್ತೆ ನಡೆದರು, ಮತ್ತೆ ಹೇಳದೆ ಹೋದರು, ನಾನು ಮತ್ತೆ ಬೈದೆ. ಕೊನೆಗೆ ಒಂದು ಆಷಾಢದಲ್ಲಿ ಜ್ವರ ಬಂದು ಮಲಗಿದರು. ಒಂದು ಸಂಜೆ ಪಕ್ಕದಲ್ಲಿ ಕೂತು ಧೈರ್ಯ ಮಾಡಿ ಅಂದೆ: "ಅತ್ತಿ, ಆ ಮೆಟ್ಟಲದ ಸುದ್ದಿ ನನಗ ಗೊತ್ತೈತ್ರಿ."

"ಅಂವಗ ಹೇಳೀ ಏನು?"

"ಇಲ್ಲರಿ."

"ಹೇಳಬ್ಯಾಡ. ಅವ್ವ ಅಂಜಿದ್ಳು ಅಂತ ತಿಳಿದ್ರ ಅಂವಗೂ ಅಂಜಿಕಿ ಆಕ್ಕೈತಿ."

"ಹೇಳೂದಿಲ್ರಿ."

"ಹಂಗಾರ ಚಹಾ ಮಾಡು. ಸಕ್ರಿ ಜರಾ ಹೆಚ್ಚ ಇರ್ಲಿ."

ಅದೇ ವಾರ ತೀರಿಹೋದರು. ಎಲ್ಲರ ಜೊತೆ ಜಗಳಾಡಿ ಬೆಲೆ ಇಳಿಸಿದ ನಾನು, ಅವರು ನನಗೆ ಮಾಡಿದ್ದಕ್ಕೆ ಪ್ರತಿಯಾಗಿ ಏನನ್ನೂ ಅವರ ಕೈಯಲ್ಲಿ ಇಡಲಾರದೆ ಹೋದೆ.

ನಮ್ಮವರು ಈಗ ಗಟ್ಟಿಮುಟ್ಟಾಗಿದ್ದಾರೆ. ಅಂಗಡಿಯಲ್ಲಿ ಕೂತು ನಾನು ಹೇಳಿದ ದರಕ್ಕಿಂತ ಕಡಿಮೆಗೆ ಕುಕ್ಕರು ಮಾರುತ್ತಾರೆ. ಗಿರಾಕಿಗಳ ಜೊತೆ ಹರಟುವಾಗ ತಾಯಿಯ ಮಾತು ಬಂದರೆ ನಗುತ್ತಾರೆ: "ನಮ್ಮವ್ವ ಎಂದೂ ಹೊತ್ತಿಗೆ ಸರಿಯಾಗಿ ಬಂದಾಕಿ ಅಲ್ರಿ. ನಾ ಸಾಯೂ ಹೊತ್ತಿನಾಗ ಸುದ್ದಾ ಬಸ್ ತಡಾ ಮಾಡ್ಕೊಂಡು ಮಧ್ಯಾಹ್ನ ಬಂದ್ಳು." ಗಿರಾಕಿಗಳೂ ನಗುತ್ತಾರೆ. ನಾನು ಒಳಗೆ ಪಾತ್ರೆಗಳನ್ನು ಎತ್ತಿ ಕುಕ್ಕಿ ಸದ್ದು ಮಾಡುತ್ತೇನೆ.

ಹೇಳುವುದಿಲ್ಲ ಅಂತ ಅತ್ತೆಗೆ ಮಾತು ಕೊಟ್ಟಿದ್ದೆ. ಬರೆಯುವುದಿಲ್ಲ ಅಂತ ಕೊಟ್ಟಿರಲಿಲ್ಲ. ಓದಲಿ.